ಇನಿಶಿಯಲ್ ಒಂದೇ, ಊರು ಬೇರೆ: ಎಕ್ಸ್‌ಎಂಎಲ್ ನೇಮ್‌ಸ್ಪೇಸ್ ಹುಟ್ಟಿದ ಕಥೆ

ಇವತ್ತಿನ ಕಥೆ ಹೆಸರುಗಳದ್ದು.

ನಮ್ಮ ಬಿಕಾಂ ಕ್ಲಾಸಲ್ಲಿ ಇಬ್ಬರು ಕೆ. ಮಂಜುನಾಥ್ ಇದ್ರು. ಒಬ್ಬನ ‘ಕೆ’ ಅಂದ್ರೆ ಕೋಲಾರ, ಇನ್ನೊಬ್ಬನದು ಕಡೂರು. ಹಾಜರಿ ಕೂಗಿದ್ರೆ ಇಬ್ಬರೂ ‘ಎಸ್ ಸರ್’ ಅನ್ನೋರು. ಇನಿಶಿಯಲ್ ಬರೀ ಗುರುತು, ವ್ಯತ್ಯಾಸ ಇರೋದು ಊರಲ್ಲಿ. ಇದನ್ನ ನೆನಪಿಟ್ಟುಕೊಳ್ಳಿ.

ವೆಬ್‌ಗೆ ನಿಯಮ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 1998ರ ಫೆಬ್ರವರಿ 10ರಂದು ಎಕ್ಸ್‌ಎಂಎಲ್ 1.0 ಪ್ರಕಟಿಸಿತು. ಮಾಹಿತಿಗೆ ಟ್ಯಾಗ್ ಹಾಕಿ ಬರೆಯುವ ಭಾಷೆ ಇದು. ಟ್ಯಾಗ್‌ಗೆ ಯಾರು ಯಾವ ಹೆಸರನ್ನಾದರೂ ಇಡಬಹುದು. ತೊಂದರೆ ಶುರುವಾಗಿದ್ದೂ ಅಲ್ಲೇ. ಪುಸ್ತಕದಂಗಡಿಯವರಿಗೆ ‘ಟೈಟಲ್’ ಅಂದ್ರೆ ಶೀರ್ಷಿಕೆ, ಜಮೀನು ವ್ಯವಹಾರದವರಿಗೆ ಹಕ್ಕುಪತ್ರ. ಎರಡೂ ಒಂದೇ ಫೈಲಿಗೆ ಬಂದ್ರೆ ಕಂಪ್ಯೂಟರ್ ಏನು ಮಾಡ್ಬೇಕು?

ಪರಿಹಾರವೇ ನೇಮ್‌ಸ್ಪೇಸ್. 1998ರ ಮಾರ್ಚ್ ಕರಡಿನಲ್ಲಿ ಅದನ್ನು ಘೋಷಿಸೋಕೆ ಪ್ರೊಸೆಸಿಂಗ್ ಇನ್‌ಸ್ಟ್ರಕ್ಷನ್ ಅನ್ನೋ ಪ್ರತ್ಯೇಕ ಸಾಲು ಇತ್ತು. ಆದರೆ ಫೈಲಿನ ಒಂದು ತುಂಡನ್ನು ಕತ್ತರಿಸಿ ಬೇರೆ ಕಡೆ ಅಂಟಿಸಿದರೆ ಆ ಸಾಲು ಹಿಂದೆಯೇ ಉಳಿದುಬಿಡುತ್ತೆ. ಆಗಸ್ಟ್ ಕರಡಿನ ಹೊತ್ತಿಗೆ ಘೋಷಣೆ ಟ್ಯಾಗಿನೊಳಗೇ ಬಂತು, ‘ಎಕ್ಸ್‌ಎಂಎಲ್‌ಎನ್‌ಎಸ್’ ಅನ್ನೋ ಆಟ್ರಿಬ್ಯೂಟ್ ಆಗಿ. ಆ ಟ್ಯಾಗ್‌ಗೂ ಅದರ ಒಳಗಿರುವುದಕ್ಕೂ ಅದು ಅನ್ವಯ. ಟಿಮ್ ಬ್ರೇ, ಡೇವ್ ಹಾಲಾಂಡರ್, ಆಂಡ್ರ್ಯೂ ಲೇಮನ್ ಸಂಪಾದಿಸಿದ ಅಂತಿಮ ರೂಪ ಬಂದಿದ್ದು 1999ರ ಜನವರಿ 14ರಂದು.

ಇದರಲ್ಲಿ ಟ್ಯಾಗಿನ ಮುಂದೆ ಬರುವ ಪ್ರಿಫಿಕ್ಸ್ ನಮ್ಮ ಇನಿಶಿಯಲ್ ಇದ್ದ ಹಾಗೆ, ಬದಲಾಯಿಸಿದರೂ ಅರ್ಥ ಕೆಡಲ್ಲ. ಘೋಷಣೆಯಲ್ಲಿರುವ ಉದ್ದದ ವಿಳಾಸವೇ ಊರು. ಅದಕ್ಕೆ ವೆಬ್ ವಿಳಾಸ ಯಾಕೆ? ಡೊಮೇನ್‌ಗೆ ಆಗಲೇ ಒಬ್ಬ ಒಡೆಯ ಇರ್ತಾನೆ. ಹೆಸರು ನೋಂದಾಯಿಸೋಕೆ ಹೊಸ ಕಚೇರಿ ಬೇಕಾಗಿಲ್ಲ, ಯಾರ ಅನುಮತಿಯೂ ಬೇಡ. ಇದು ಜಾಣ ನಿರ್ಧಾರ.

ಆದರೆ ಅದಕ್ಕೆ ಬೆಲೆಯೂ ತೆರಬೇಕಾಯ್ತು. ನೋಡೋಕೆ ಲಿಂಕ್, ಕೆಲಸ ಮಾತ್ರ ಹೆಸರಿನದು. ಆ ವಿಳಾಸದಲ್ಲಿ ಏನೂ ಇರಬೇಕಾಗಿಲ್ಲ. ಮನುಷ್ಯರೂ ಗೊಂದಲಕ್ಕೆ ಬಿದ್ರು, ಸಾಫ್ಟ್‌ವೇರ್‌ಗಳೂ ಬಿದ್ವು. ಟ್ಯಾಗ್ ನಿಯಮಗಳ ಡಿಟಿಡಿ ಕಡತಗಳು ಮತ್ತು ಇಂಥ ವಿಳಾಸಗಳಿಗಾಗಿ ಪ್ರೋಗ್ರಾಂಗಳು ಸುಮ್ಮಸುಮ್ಮನೆ ತನ್ನ ಸರ್ವರ್ ಬಾಗಿಲು ತಟ್ಟುತ್ತಿವೆ ಅಂತ ಡಬ್ಲ್ಯು3ಸಿ 2008ರಲ್ಲಿ ದೂರಿತು. ದಿನಕ್ಕೆ 13 ಕೋಟಿವರೆಗೆ ಕೋರಿಕೆಗಳು! ವರ್ಷಗಟ್ಟಲೆ ಬದಲಾಗದ ಕಡತಗಳಿಗೆ.

ನಾನು ಕಾಮರ್ಸ್ ಓದಿದವನು, ನನಗ್ಯಾಕೆ ಇದು? 2011ರಿಂದ ನಮ್ಮ ದೇಶದ ಹಲವು ದೊಡ್ಡ ಕಂಪನಿಗಳು ಬ್ಯಾಲೆನ್ಸ್ ಶೀಟನ್ನು ಸರ್ಕಾರಕ್ಕೆ ಎಕ್ಸ್‌ಬಿಆರ್‌ಎಲ್‌ನಲ್ಲಿ ಸಲ್ಲಿಸಬೇಕು. ಅದೂ ಎಕ್ಸ್‌ಎಂಎಲ್ ಮನೆತನದ್ದೇ. ಅಂಥ ಫೈಲನ್ನು ನೋಟ್‌ಪ್ಯಾಡಲ್ಲಿ ತೆರೆದರೆ ಮೊದಲಿಗೆ ಕಾಣೋದು ಈ ಘೋಷಣೆಗಳ ಸಾಲು. ‘ಆಸ್ತಿ’ ಅಂದ್ರೆ ಯಾವ ಲೆಕ್ಕದ ಪದ್ಧತಿಯ ಆಸ್ತಿ ಅಂತ ಹೇಳೋದು ಅದೇ. ಅದನ್ನ ಅಳಿಸಿ ನೋಡಿ, ಅಂಕಿಗಳೆಲ್ಲ ಹಾಗೇ ಇರ್ತವೆ. ಯಾವುದು ಯಾವ ಊರಿನದು ಅಂತ ಮಾತ್ರ ಗೊತ್ತಾಗಲ್ಲ.

ಮುಂದಿನ ವಾರ ಸಿಗೋಣ.