ತರಂಗಾಂತರ, ಭೂಸಂಪರ್ಕ, ಕ್ಯೂ ಸಂಕೇತ: ಹವ್ಯಾಸಿ ಬಾನುಲಿಯ ಪರಿಭಾಷೆಯಲ್ಲಿ ಅರ್ಥಪಲ್ಲಟ

ನರಗುಂದದ ಹೆಸರು ಕರ್ನಾಟಕದ ಚರಿತ್ರೆಯಲ್ಲಿ ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ ಕೇಳಿಬರುತ್ತದೆ. 1858ರಲ್ಲಿ ಸಂಸ್ಥಾನಿಕ ಬಾಬಾಸಾಹೇಬ ಭಾಸ್ಕರರಾವ್ ಭಾವೆ ಬ್ರಿಟಿಷರ ವಿರುದ್ಧ ಬಂಡೆದ್ದುದು ಒಂದು. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರ ಹೋರಾಟ ಸ್ಫೋಟಗೊಂಡುದು ಇನ್ನೊಂದು. ಇವೆರಡರ ನಡುವಣ ನೂರಿಪ್ಪತ್ತೆರಡು ವರ್ಷಗಳಲ್ಲಿ ತಂತಿ, ಬಾನುಲಿ ಮತ್ತು ವಿದ್ಯುತ್ತು ಉತ್ತರ ಕರ್ನಾಟಕದ ಬಯಲುಸೀಮೆಯ ಬದುಕನ್ನು ಪ್ರವೇಶಿಸಿದವು. ಅವುಗಳ ಬೆನ್ನಿಗೆ ಒಂದು ಹೊಸ ಶಬ್ದಸಂಪತ್ತೂ ಬಂದಿತು. ಆ ಶಬ್ದಗಳಲ್ಲಿ ಕೆಲವು ಬಳಕೆಯಲ್ಲಿ ಅರ್ಥ ಬದಲಿಸಿಕೊಂಡವು; ಕೆಲವು ತಪ್ಪಾದ ಅರ್ಥದಲ್ಲಿಯೇ ನೆಲೆನಿಂತವು. ಹವ್ಯಾಸಿ ಬಾನುಲಿ, ಅಂದರೆ ಹ್ಯಾಮ್ ರೇಡಿಯೊ ಕ್ಷೇತ್ರದ ಕೆಲವು ಪದಗಳನ್ನು ಆಯ್ದುಕೊಂಡು ಈ ಪಲ್ಲಟದ ಕಾರಣಗಳನ್ನು ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಹಿನ್ನೆಲೆ

ಭಾರತದಲ್ಲಿ ಹವ್ಯಾಸಿ ಬಾನುಲಿಯ ಆರಂಭವನ್ನು ಸಾಮಾನ್ಯವಾಗಿ 1921ಕ್ಕೆ, ಅಮರೇಂದ್ರ ಚಂದ್ರ ಗುಪ್ತು ಅವರ ಕೇಂದ್ರಕ್ಕೆ ಒಯ್ಯಲಾಗುತ್ತದೆ. ಕನ್ನಡನಾಡಿನ ಮಟ್ಟಿಗೆ ಗಮನಾರ್ಹವಾದ ವರ್ಷ 1935. ಆ ವರ್ಷ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲಿಯೇ ಸಣ್ಣ ಪ್ರೇಷಕವೊಂದನ್ನು ಇಟ್ಟುಕೊಂಡು ಪ್ರಸಾರವನ್ನು ಆರಂಭಿಸಿದರು. ಅದಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಪ್ರಸಾರ ಸಂಸ್ಥೆಯ ಹೆಸರಾಯಿತು. ಪುರಾಣಕಥೆಗಳಲ್ಲಿ ಅಶರೀರವಾಣಿಯನ್ನು ಸೂಚಿಸುತ್ತಿದ್ದ ಪದವೊಂದು ಹೀಗೆ ತಾಂತ್ರಿಕ ವ್ಯವಸ್ಥೆಯೊಂದರ ಹೆಸರಾಗಿ ಮಾರ್ಪಟ್ಟಿತು. ಇದೂ ಅರ್ಥಪಲ್ಲಟವೇ. ಆದರೆ ಯಾರನ್ನೂ ದಾರಿ ತಪ್ಪಿಸದ, ಭಾಷೆಯನ್ನು ಶ್ರೀಮಂತಗೊಳಿಸಿದ ಪಲ್ಲಟ. ಎಲ್ಲ ಪಲ್ಲಟಗಳೂ ದೋಷಗಳಲ್ಲ ಎಂಬುದನ್ನು ಮೊದಲಿಗೇ ಒಪ್ಪಿಕೊಂಡು ಮುಂದುವರಿಯುವುದು ಉಚಿತ.

ತರಂಗಾಂತರ

ನರಗುಂದ, ರೋಣ, ಗಜೇಂದ್ರಗಡ ಭಾಗದ ಕೇಳುಗರಿಗೆ ಬಾನುಲಿಯೆಂದರೆ ಬಹುಕಾಲ ಧಾರವಾಡ ಕೇಂದ್ರ. 1950ರ ಜನವರಿ 8ರಂದು ಆರಂಭವಾದ ಈ ಕೇಂದ್ರ ದಶಕಗಳ ಕಾಲ 765 ಕಿಲೋಹರ್ಟ್ಸ್‌ನಲ್ಲಿ ಪ್ರಸಾರ ಮಾಡಿತು. ಬೆಳಕಿನ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಸುಮಾರು 392 ಮೀಟರ್ ದೊರೆಯುತ್ತದೆ. ಮೊದಲನೆಯದು ಆವೃತ್ತಿ, ಅಂದರೆ ಒಂದು ಸೆಕೆಂಡಿನಲ್ಲಿ ನಡೆಯುವ ಕಂಪನಗಳ ಎಣಿಕೆ. ಎರಡನೆಯದು ತರಂಗದೂರ, ಅಂದರೆ ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಯವರೆಗಿನ ಅಂತರ. ‘ತರಂಗಾಂತರ’ ಎಂಬ ಸಮಾಸದ ವಿಗ್ರಹವೇ ಈ ಎರಡನೆಯ ಅರ್ಥವನ್ನು ಸ್ಪಷ್ಟವಾಗಿ ಹೇಳುತ್ತದೆ.

ಭಾರತದ ಬಾನುಲಿ ಕೇಂದ್ರಗಳ ಘೋಷಣೆಗಳಲ್ಲಿ ಮೀಟರ್ ಮತ್ತು ಕಿಲೋಹರ್ಟ್ಸ್ ಎರಡನ್ನೂ ಜೊತೆಯಾಗಿ ಹೇಳುವ ರೂಢಿಯಿತ್ತು. ಕೇಳುಗನಿಗೆ ಎರಡೂ ಒಂದೇ ಕೇಂದ್ರದ ಗುರುತುಗಳು. ಮುಳ್ಳನ್ನು ಎಲ್ಲಿ ನಿಲ್ಲಿಸಬೇಕೆಂಬುದಷ್ಟೇ ಅವನಿಗೆ ಬೇಕಾದದ್ದು. ಹೀಗೆ ‘ತರಂಗಾಂತರ’ವು ‘ಕೇಂದ್ರ ಸಿಗುವ ಜಾಗ’ ಎಂಬ ಸಡಿಲ ಅರ್ಥ ಪಡೆದುದು ಸಹಜ. 2ಜಿ ಹಂಚಿಕೆಯ ವಿವಾದ ಎದ್ದು, 2012ರ ಫೆಬ್ರುವರಿ 2ರಂದು ಸರ್ವೋಚ್ಚ ನ್ಯಾಯಾಲಯ 122 ಪರವಾನಗಿಗಳನ್ನು ರದ್ದುಪಡಿಸಿದ ಕಾಲಕ್ಕೆ, ಕನ್ನಡ ಪತ್ರಿಕೆಗಳು ಆವೃತ್ತಿಗಳ ಪಟ್ಟಿಯನ್ನೂ ‘ತರಂಗಾಂತರ’ವೆಂದೇ ಬರೆದವು. ಹೆಚ್ಚು ನಿಖರವಾದ ‘ತರಂಗಗುಚ್ಛ’ ಜೊತೆಯಲ್ಲಿ ಬಳಕೆಗೆ ಬಂದರೂ ಹಳೆಯ ಪದವನ್ನು ಅದು ಸಂಪೂರ್ಣವಾಗಿ ಸ್ಥಾನಪಲ್ಲಟಗೊಳಿಸಲಿಲ್ಲ.

ಓದುಗನಿಗೆ ಇದರಿಂದ ನಷ್ಟವಿಲ್ಲ, ಹವ್ಯಾಸಿಗೆ ನಷ್ಟವುಂಟು. ಆವೃತ್ತಿ ಹೆಚ್ಚಿದಂತೆ ತರಂಗದೂರ ಕಡಿಮೆಯಾಗುತ್ತದೆ. ‘ತರಂಗಾಂತರ ಹೆಚ್ಚಿಸಿ’ ಎಂಬ ಸೂಚನೆಯನ್ನು ಒಬ್ಬನು ಒಂದರ್ಥದಲ್ಲಿ, ಇನ್ನೊಬ್ಬನು ಮತ್ತೊಂದರ್ಥದಲ್ಲಿ ಗ್ರಹಿಸಿದರೆ ಇಬ್ಬರೂ ಪರಸ್ಪರ ವಿರುದ್ಧ ದಿಕ್ಕಿಗೆ ಸರಿಯುತ್ತಾರೆ. ಆಂಟೆನಾದ ತಂತಿಯನ್ನು ಕತ್ತರಿಸುವ ಲೆಕ್ಕವಂತೂ ನೇರವಾಗಿ ತರಂಗದೂರವನ್ನೇ ಅವಲಂಬಿಸಿದೆ.

ಈ ಎರಡು ಅಳತೆಗಳ ಸಂಬಂಧವನ್ನು ಚರಿತ್ರೆಯ ಒಂದು ನಿದರ್ಶನ ಚೆನ್ನಾಗಿ ತೋರಿಸುತ್ತದೆ. ಎರಡನೆಯ ಮಹಾಯುದ್ಧದ ಆರಂಭದೊಂದಿಗೆ 1939ರಲ್ಲಿ ಹವ್ಯಾಸಿ ಪರವಾನಗಿಗಳನ್ನು ಹಿಂತೆಗೆದುಕೊಳ್ಳಲಾಗಿತ್ತು. 1942ರ ಆಗಸ್ಟ್‌ನಲ್ಲಿ ಉಷಾ ಮೆಹತಾ ಮತ್ತು ಸಂಗಡಿಗರು ಮುಂಬಯಿಯಲ್ಲಿ ನಡೆಸಿದ ಗುಪ್ತ ಕಾಂಗ್ರೆಸ್ ರೇಡಿಯೊ ತನ್ನ ನೆಲೆಯನ್ನು 42.34 ಮೀಟರ್ ಎಂದು ಘೋಷಿಸಿಕೊಳ್ಳುತ್ತಿತ್ತು. ನರಗುಂದವೂ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೇ ಸೇರಿತ್ತು. 42.34 ಮೀಟರ್ ಎಂದರೆ ಸುಮಾರು 7.08 ಮೆಗಾಹರ್ಟ್ಸ್, ಹವ್ಯಾಸಿಗಳು ‘40 ಮೀಟರ್ ಪಟ್ಟಿ’ ಎಂದು ಕರೆಯುವ ಭಾಗದೊಳಗೇ ಅದು ಬರುತ್ತದೆ. ಸರಕಾರ ಮುಚ್ಚಿದ್ದ ಪಟ್ಟಿಯಲ್ಲಿಯೇ ಸ್ವಾತಂತ್ರ್ಯದ ಧ್ವನಿ ಕೇಳಿಬಂದಿತು ಎಂಬ ಸಂಗತಿ, ಮೀಟರನ್ನು ಆವೃತ್ತಿಗೆ ಪರಿವರ್ತಿಸಿ ನೋಡಿದವನಿಗೆ ಮಾತ್ರ ಹೊಳೆಯುತ್ತದೆ. ಪರಿಭಾಷೆಯ ಖಚಿತತೆ ಚರಿತ್ರಕಾರನಿಗೂ ಬೇಕು ಎಂಬುದಕ್ಕೆ ಇದು ಸಾಕ್ಷಿ.

ಭೂಸಂಪರ್ಕ

‘ಅರ್ಥಿಂಗ್’ ಎಂಬ ಪದ ಪಂಪ್‌ಸೆಟ್ಟಿನ ಮೂಲಕ ಹಳ್ಳಿಯ ಕನ್ನಡಕ್ಕೆ ಸೇರಿಕೊಂಡಿದೆ. ಅದರ ಕನ್ನಡ ರೂಪ ‘ಭೂಸಂಪರ್ಕ’. ಬಾನುಲಿಯ ಸಂದರ್ಭದಲ್ಲಿ ಈ ಒಂದೇ ಪದದೊಳಗೆ ಮೂರು ಬೇರೆ ಬೇರೆ ಕಾರ್ಯಗಳು ಅಡಗಿವೆ. ವಿದ್ಯುತ್ ಸೋರಿಕೆಯಾದಾಗ ಫ್ಯೂಸು ಹಾರುವಂತೆ ಮಾಡಿ ಜೀವವನ್ನು ಉಳಿಸುವುದು ಮೊದಲನೆಯದು. ಸಿಡಿಲಿನ ಪ್ರವಾಹವನ್ನು ನೆಲಕ್ಕೆ ಇಳಿಸುವುದು ಎರಡನೆಯದು. ಆಂಟೆನಾದ ಬಾನುಲಿ ಪ್ರವಾಹಕ್ಕೆ ಮರಳುದಾರಿ ಒದಗಿಸುವುದು ಮೂರನೆಯದು. ಒಂದು ಕಾರ್ಯಕ್ಕೆ ತಕ್ಕ ವ್ಯವಸ್ಥೆ ಇನ್ನೊಂದಕ್ಕೆ ಸಾಲುತ್ತದೆಂಬ ನಿಯಮವಿಲ್ಲ.

ಒಂದು ಸರಳ ಲೆಕ್ಕವನ್ನು ಗಮನಿಸಬಹುದು. 7.1 ಮೆಗಾಹರ್ಟ್ಸ್‌ನಲ್ಲಿ ತರಂಗದೂರದ ಕಾಲುಭಾಗ ಸುಮಾರು 10.5 ಮೀಟರ್. ಮಹಡಿಯ ಮೇಲಿನ ಪ್ರೇಷಕದಿಂದ ನೆಲದ ಸರಳಿನವರೆಗೆ ಇಷ್ಟೇ ಉದ್ದದ ತಂತಿ ಎಳೆದರೆ, 50 ಹರ್ಟ್ಸ್‌ನ ವಿದ್ಯುತ್ತಿಗೆ ಅದು ಸರಿಯಾದ ಭೂಸಂಪರ್ಕ. ಆದರೆ ಬಾನುಲಿ ಪ್ರವಾಹಕ್ಕೆ ಅದರ ಮೇಲ್ತುದಿ ಬಹುತೇಕ ನೆಲದಿಂದ ಬೇರ್ಪಟ್ಟಂತೆಯೇ ವರ್ತಿಸುತ್ತದೆ. ‘ಅರ್ಥಿಂಗ್ ಚೆನ್ನಾಗಿದೆ’ ಎಂದು ನಂಬಿದವನಿಗೆ ಮೈಕ್ ಮುಟ್ಟಿದಾಗ ತುಟಿ ಚುರುಕ್ಕೆನ್ನುವುದು ಈ ಕಾರಣದಿಂದ.

ನರಗುಂದ ಭಾಗದ ಎರೆಭೂಮಿ ಈ ಪ್ರಶ್ನೆಗೆ ಇನ್ನೊಂದು ಮುಖವನ್ನು ಒದಗಿಸುತ್ತದೆ. ತೇವವಿದ್ದಾಗ ಕಪ್ಪುಮಣ್ಣು ಉತ್ತಮ ವಾಹಕ. ಮಧ್ಯಮ ತರಂಗಗಳು ಇಂಥ ನೆಲದ ಮೇಲೆ ದೂರದವರೆಗೆ ಸಾಗುತ್ತವೆ. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ ಬಿರುಕುಬಿಟ್ಟು ನೆಟ್ಟ ಸರಳಿನಿಂದ ದೂರ ಸರಿಯುತ್ತದೆ. ಗುಂಡಿಗೆ ಇದ್ದಿಲು, ಉಪ್ಪು ತುಂಬಿ ನೀರೆರೆಯುವ ಪದ್ಧತಿ ಇದಕ್ಕೆ ಪರಿಹಾರವಾಗಿ ಬೆಳೆದುದು. ಮುಂಗಾರಿಗೆ ಮುಂಚಿನ ಗುಡುಗಿನ ದಿನಗಳಲ್ಲಿ, ಅಂದರೆ ಭೂಸಂಪರ್ಕ ಅತ್ಯಂತ ದುರ್ಬಲವಾಗಿರುವ ಕಾಲದಲ್ಲಿಯೇ ಸಿಡಿಲಿನ ಭಯ ಹೆಚ್ಚು. ಆದುದರಿಂದ ಇಲ್ಲಿ ಪದದ ಅಸ್ಪಷ್ಟತೆ ಕೇವಲ ಭಾಷಾಶುದ್ಧಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ಪ್ರಾಣದ ಪ್ರಶ್ನೆಯಾಗುತ್ತದೆ.

ಕ್ಯೂ ಸಂಕೇತಗಳು

‘ಕ್ಯೂ’ ಅಕ್ಷರದಿಂದ ಆರಂಭವಾಗುವ ಮೂರಕ್ಷರದ ಸಂಕೇತಗಳು ಹಡಗುಗಳ ತಂತಿರಹಿತ ಸಂದೇಶಗಳಿಗಾಗಿ ರೂಪುಗೊಂಡು, 1912ರ ಲಂಡನ್ ಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆದವು. ಪ್ರತಿಯೊಂದೂ ಒಂದು ಪೂರ್ಣ ಪ್ರಶ್ನೆ ಅಥವಾ ಪೂರ್ಣ ಉತ್ತರ. ಮೋರ್ಸ್ ಕಟ್ಟೆಯಿಂದ ಮಾತಿಗೆ ಬಂದಾಗ ಅವು ನಾಮಪದಗಳಾದವು. ‘ಕ್ಯೂಟಿಎಚ್’ ಊರೆಂದೂ ‘ಕ್ಯೂಎಸ್‌ಓ’ ಸಂಭಾಷಣೆಯೆಂದೂ ಬಳಕೆಯಾಗುವುದನ್ನು ಲೋಕದ ಎಲ್ಲ ಹವ್ಯಾಸಿಗಳೂ ಒಪ್ಪಿದ್ದಾರೆ. ಶುಭಾಶಯಗಳನ್ನು ಸೂಚಿಸುವ ‘73’ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ತಂತಿ ನೌಕರರ ಸಂಖ್ಯಾಸಂಕೇತ. ಅದು ಈಗಾಗಲೇ ಬಹುವಚನ. ಅದನ್ನು ಮತ್ತೆ ಬಹುವಚನಗೊಳಿಸಿ ‘73ಗಳು’ ಎನ್ನುವುದು ಪುನರುಕ್ತಿಯಾದರೂ ನಿರಪಾಯಕಾರಿ.

ಆದರೆ ಎಲ್ಲವೂ ಹೀಗಲ್ಲ. ‘ಕ್ಯೂಆರ್‌ಎಂ’ ಇತರ ಕೇಂದ್ರಗಳ ಅಡಚಣೆಯನ್ನು, ಬಳಕೆಯಲ್ಲಿ ಮಾನವನಿರ್ಮಿತ ಗದ್ದಲವನ್ನು ಸೂಚಿಸುತ್ತದೆ. ‘ಕ್ಯೂಆರ್‌ಎನ್’ ವಾತಾವರಣದ ಗದ್ದಲವನ್ನು. ಪಂಪ್‌ಸೆಟ್ಟಿನ ಸ್ಟಾರ್ಟರ್, ಸಡಿಲವಾದ ವಿದ್ಯುತ್ ತಂತಿಯ ಕಿಡಿ ಮೊದಲನೆಯದಕ್ಕೆ ಸೇರುತ್ತವೆ. ದೂರದ ಗುಡುಗು ಎರಡನೆಯದಕ್ಕೆ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಸರಿಪಡಿಸಬಹುದಾದುದು ಯಾವುದು, ಸಹಿಸಬೇಕಾದುದು ಯಾವುದು ಎಂಬ ವಿವೇಚನೆಯೇ ಅಳಿಯುತ್ತದೆ. ‘ರೋಜರ್’ ಎಂಬುದು ‘ಸಂದೇಶ ಮುಟ್ಟಿದೆ’ ಎನ್ನುವುದಕ್ಕಷ್ಟೇ ಮೀಸಲು. ‘ಒಪ್ಪಿದೆ’, ‘ಹಾಗೆಯೇ ಮಾಡುತ್ತೇನೆ’ ಎಂಬ ಅರ್ಥ ಅದಕ್ಕಿಲ್ಲ. ನೆರೆಯಂತಹ ತುರ್ತಿನ ವೇಳೆ ‘ದೋಣಿ ಕಳುಹಿಸಿ’ ಎಂಬ ಕೋರಿಕೆಗೆ ‘ರೋಜರ್’ ಎಂಬ ಉತ್ತರ ಬಂದಲ್ಲಿ, ಕೇಳಿದವನು ದೋಣಿ ಹೊರಟಿತೆಂದು ತಿಳಿಯುವ ಅಪಾಯವಿದೆ. 2009ರ ಅಕ್ಟೋಬರ್ ಮತ್ತು 2019ರ ಆಗಸ್ಟ್‌ನ ಪ್ರವಾಹಗಳನ್ನು ಕಂಡ ಮಲಪ್ರಭೆಯ ದಂಡೆಯ ಊರುಗಳಿಗೆ ಈ ವ್ಯತ್ಯಾಸದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಹವ್ಯಾಸಿ ಬಾನುಲಿಯ ತಪ್ಪು ಬಳಕೆಗಳು ವ್ಯಕ್ತಿಗಳ ಅಜ್ಞಾನದಿಂದಷ್ಟೇ ಹುಟ್ಟಿದವಲ್ಲ. ಹಡಗು, ತಂತಿ ಕಚೇರಿ, ಪ್ರಸಾರ ಕೇಂದ್ರ, ಪತ್ರಿಕೆ ಮತ್ತು ಪಂಪ್‌ಸೆಟ್ಟು ಎಂಬ ಬೇರೆ ಬೇರೆ ಮೂಲಗಳ ಪದಗಳು ಒಂದೆಡೆ ಸೇರಿದುದರ ಫಲ ಅವು. ಎರಡನೆಯದಾಗಿ, ಅರ್ಥ ವಿಸ್ತಾರವಾದ ಪದಗಳನ್ನೂ ಅರ್ಥಭೇದವನ್ನು ಅಳಿಸಿಹಾಕುವ ಪದಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ‘ಆಕಾಶವಾಣಿ’, ‘ಕ್ಯೂಟಿಎಚ್’ ಮೊದಲ ಬಗೆಗೆ ಸೇರುತ್ತವೆ; ‘ತರಂಗಾಂತರ’, ‘ಅರ್ಥಿಂಗ್’, ‘ರೋಜರ್’ ಎರಡನೆಯ ಬಗೆಗೆ. ಮೂರನೆಯದಾಗಿ, ಪರಿಹಾರವೂ ಇದೇ ವಿವೇಚನೆಯನ್ನು ಅನುಸರಿಸಬೇಕು. ಅಂತರರಾಷ್ಟ್ರೀಯ ಸಂಕೇತಗಳನ್ನು ಅನುವಾದಿಸದೆ ಅವುಗಳ ಮೂಲಾರ್ಥವನ್ನು ಕನ್ನಡದಲ್ಲಿ ಕಲಿಸುವುದು, ಶಾಲಾ ಪಠ್ಯಗಳಲ್ಲಿ ರೂಢವಾಗಿರುವ ‘ಆವೃತ್ತಿ’ ಮತ್ತು ‘ತರಂಗದೂರ’ಗಳನ್ನು ಕಟ್ಟುನಿಟ್ಟಾಗಿ ಬಳಸುವುದು, ‘ಭೂಸಂಪರ್ಕ’ಕ್ಕೆ ರಕ್ಷಣೆ, ಸಿಡಿಲು, ಬಾನುಲಿ ಎಂಬ ವಿಶೇಷಣಗಳನ್ನು ಸೇರಿಸುವುದು ಅಗತ್ಯ. ವಿಜ್ಞಾನದ ಕನ್ನಡ ಬೆಳೆಯಬೇಕಾದುದು ಹೊಸ ಪದಗಳ ಸೃಷ್ಟಿಯಿಂದ ಮಾತ್ರವಲ್ಲ. ಇರುವ ಪದಗಳ ಗಡಿಗಳನ್ನು ಕಾಯ್ದುಕೊಳ್ಳುವುದರಿಂದಲೂ ಹೌದು.