ಕಲ್ಲು ಮುಗಿದ ಮೇಲೆ?

ರಜೆಗೆ ಊರಿಗೆ ಹೋದಾಗಲೆಲ್ಲ ಮೂಡಲಗಿ ತಾಲ್ಲೂಕಿನ ಯಾದವಾಡದ ಸುಣ್ಣದಕಲ್ಲಿನ ಗಣಿ ನೋಡ್ತೀನಿ. ಸಿಮೆಂಟಿಗೆ ಅಗೆಯೋ ಈ ಕಲ್ಲು ಒಂದಿನ ಮುಗೀತದ. ಆಮೇಲೆ ಗುಂಡಿ ಏನಾಗಬೇಕು?

ಕೆನ್ಯಾದ ಮೊಂಬಾಸಾದಲ್ಲಿ ಇಂಥದೇ ಬರಡು ಗಣಿಯಲ್ಲಿ 1971ರಲ್ಲಿ ರೆನೆ ಹಾಲರ್ ಗಾಳಿಮರ ನೆಡಿಸಿದರು. ಉದುರಿದ ಎಲೆ ಕೊಳೆಯಲಿಲ್ಲ. ಸಹಸ್ರಪದಿಗಳನ್ನು ತಂದು ಬಿಟ್ಟರು. ಅವು ತಿಂದು ಮಣ್ಣು ಮಾಡಿದವು. ಈಗಲ್ಲಿ ಜಿರಾಫೆ ಓಡಾಡ್ತಾವ.

ನಮ್ಮಲ್ಲೂ ಮನುಷ್ಯ ಕೈಯಿಟ್ಟ ಜಾಗ ಹಕ್ಕಿಗಳ ಪಾಲಾಗಿದೆ. 1897ರಲ್ಲಿ ಮುಗಿದ ಧೂಪದಾಳದ ಒಡ್ಡು ಕಟ್ಟಿದ್ದು ಕಾಲುವೆಗೆ. ಹಿಂದೆ ನಿಂತ ನೀರಿಗೆ ಚಳಿಗಾಲದಲ್ಲಿ ಯುರೋಪಿನ ಬಿಳಿ ಕೊಕ್ಕರೆಗಳು ಬರತೊಡಗಿದವು. ಗೋಕಾಕ, ಹುಕ್ಕೇರಿ ತಾಲ್ಲೂಕುಗಳ ಆ ಜಾಗ 1974ರಲ್ಲಿ ಘಟಪ್ರಭಾ ಪಕ್ಷಿಧಾಮವಾಯಿತು. ನಡುವೆ 77 ವರ್ಷ!

ಒಡ್ಡಿನ ಹಿಂದೆ ನೀರಿತ್ತು, ಹಕ್ಕಿ ತಾವೇ ಬಂದವು. ಬರೀ ಗುಂಡಿಗೆ ಯಾರೂ ಬರಲ್ಲ. ಗಿಡ ನೆಡೋದನ್ನ ಕೊನೇ ಲಾರಿ ಹೊರಡೋ ಮುಂಚೇನೇ ಶುರು ಮಾಡಬೇಕು.