ಮಂಗಳೂರಿನಿಂದ ಏಡನ್‌ಗೆ: ಯೆಹೂದಿ ಮರುವಲಸೆಯ ಅಧ್ಯಯನ ನಡೆದುಬಂದ ದಾರಿ

ಭಾರತದ ಯೆಹೂದಿಗಳು ಪೂರ್ವಜರ ನಾಡಿಗೆ ಮರಳಿದ ಮಾತು ಬಂದರೆ ಕೊಚ್ಚಿ, ಮುಂಬಯಿಗಳ ಹೆಸರೇ ಮುಂದಾಗುತ್ತದೆ. ಕರ್ನಾಟಕದ ಕರಾವಳಿಯಿಂದ ಸಂಸಾರ ಕಟ್ಟಿಕೊಂಡು ಹೊರಟ ಅಬ್ರಹಾಂ ಬೆನ್ ಯಿಜುವಿನ ಕಾಗದಪತ್ರಗಳು ಅದಕ್ಕೂ ಎಂಟು ಶತಮಾನ ಹಳೆಯವು. ಆದರೂ ಕನ್ನಡದಲ್ಲಿ ಅವುಗಳ ಚರ್ಚೆ ತೀರ ಕಡಿಮೆ.

ಆಕರಗಳ ಮೊದಲ ಹಂತ ಸಂಗ್ರಹದ್ದು. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗಿನ ಕೋಣೆಯಲ್ಲಿ ಈ ಕಾಗದಗಳ ಜೊತೆ ತುಂಬಿದ್ದ ಹಾಳೆಗಳನ್ನು ಸಾಲೊಮನ್ ಶೆಕ್ಟರ್ 1896–97ರಲ್ಲಿ ಕೇಂಬ್ರಿಜ್‌ಗೆ ಒಯ್ದರು. ಬೆನ್ ಯಿಜುವಿಗೆ ಏಡನ್‌ನಿಂದ ಬಂದ ಪತ್ರವೊಂದು 1942ರಲ್ಲಿ ಜೆರುಸಲೇಮಿನ ಪತ್ರಿಕೆಯಲ್ಲಿ ಅಚ್ಚಾಯಿತು. ಇವೆಲ್ಲ ಬಿಡಿ ಕೆಲಸಗಳು.

ಅವಕ್ಕೆ ಒಡಲು ಕೊಟ್ಟವರು ಎಸ್. ಡಿ. ಗೊಯ್ಟೈನ್. 1950ರ ದಶಕದಿಂದ 1985ರಲ್ಲಿ ತೀರಿಕೊಳ್ಳುವವರೆಗೂ ಭಾರತದ ವ್ಯಾಪಾರಿಗಳ ಪತ್ರಗಳನ್ನು ಕೂಡಿಸಿದರು. ಮೊರ್ದೆಖಾಯ್ ಫ್ರೀಡ್‌ಮನ್ ಮುಗಿಸಿದ ಆ ಕೃತಿ 2008ರಲ್ಲಿ ಇಂಗ್ಲಿಷಿನಲ್ಲಿ ಬಂತು. ಟ್ಯುನೀಶಿಯ ಮೂಲದ ವ್ಯಾಪಾರಿ ಬೆನ್ ಯಿಜು 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಕಂಚಿನ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಏಡನ್‌ನವರು ಒಡೆದ ತಟ್ಟೆ, ದೀಪಗಳನ್ನು ಕಳಿಸಿ ಹೊಸತು ಮಾಡಿಸಿಕೊಳ್ಳುತ್ತಿದ್ದರು. ಸಕ್ಕರೆ, ಒಣದ್ರಾಕ್ಷಿಗಳ ಜೊತೆ ಬರೆಯುವ ಕಾಗದವನ್ನೂ ಅಲ್ಲಿಂದಲೇ ತರಿಸಿಕೊಳ್ಳಬೇಕಿತ್ತು.

1132ರ ಅಕ್ಟೋಬರ್ 17ರಂದು ಅವನು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಬೆರಾಖಾ ಎಂಬ ಹೊಸ ಹೆಸರಿಟ್ಟ ಪತ್ರ ಉಳಿದಿದೆ. ಅವನ ಮಕ್ಕಳ ತಾಯಿ ಇವಳೇ ಎಂದು ವಿದ್ವಾಂಸರು ಹೇಳುತ್ತಾರೆ. 1149ರಲ್ಲಿ ಮಕ್ಕಳೊಂದಿಗೆ ಏಡನ್ ಸೇರಿದ ಅವನು, ನಾರ್ಮನ್ನರ ದಾಳಿಯಿಂದ ಚದುರಿ ಸಿಸಿಲಿಯಲ್ಲಿದ್ದ ಬಂಧುಗಳಿಗೆ ಬರೆದ. ಏಡನ್‌ನ ವ್ಯಾಪಾರಿಯೊಬ್ಬ ತನ್ನ ಮಗನಿಗೆ ಬೆನ್ ಯಿಜುವಿನ ಮಗಳನ್ನು ಕೇಳಿದರೂ ಇವನು ಒಪ್ಪಲಿಲ್ಲ. ಹೊರಗಿನವರಿಗಿಂತ ಅಣ್ಣತಮ್ಮಂದಿರ ಮಕ್ಕಳಿಗೇ ಅವಳ ಮೇಲೆ ಹಕ್ಕೆಂದ. 1156ರಲ್ಲಿ ಹಳೆಯ ಕೈರೋ ಆದ ಫುಸ್ತಾತ್‌ನಲ್ಲಿ ಅವಳ ಮದುವೆ ಸೋದರನ ಮಗ ಪೆರಾಹ್ಯನೊಂದಿಗೆ ನಡೆಯಿತು. ತನ್ನವರ ನಡುವೆ ಬದುಕಬೇಕೆಂಬ ಹಂಬಲ ಇಲ್ಲಿ ನೇರವಾಗಿ ಕಾಣುತ್ತದೆ. ವ್ಯಾಪಾರದ ಲೆಕ್ಕದಲ್ಲೇ ಮುಳುಗಿದ ಸಂಶೋಧನೆ ಇದಕ್ಕೆ ಕೊಟ್ಟ ಗಮನ ಸಾಲದು.

ಅಮಿತಾವ್ ಘೋಷ್ 1992ರ ತಮ್ಮ ಕೃತಿಯಲ್ಲಿ ಈ ಸಂಸಾರವನ್ನು ಜಗತ್ತಿಗೆ ಪರಿಚಯಿಸಿದರು. ಬೆನ್ ಯಿಜುವಿನ ಆಳಿನ ಹೆಸರು ಬೊಮ್ಮ ಎಂದು ಓದಲು ಮಂಗಳೂರಿನ ಬಿ. ಎ. ವಿವೇಕ ರೈ ಅವರಂಥ ತುಳು ವಿದ್ವಾಂಸರ ನೆರವು ಬೇಕಾಯಿತು. ಆ ಕೃತಿಯ ಹಿರಿಮೆ ಸಣ್ಣದಲ್ಲ. ಅದನ್ನು ಹಿಂಬಾಲಿಸಿದ ಹಲವರು ಮಾತ್ರ ಹಿಂದೂ ಮಹಾಸಾಗರವನ್ನು ಗಡಿಗಳೇ ಇಲ್ಲದ ಲೋಕವೆಂದು ಬಣ್ಣಿಸಿಬಿಟ್ಟರು. ದಾಸಿಯ ಮಕ್ಕಳ ಸ್ಥಾನಮಾನ, ಮದುವೆಯ ಅರ್ಹತೆ ಇವು ಆ ಲೋಕದಲ್ಲೂ ಗಟ್ಟಿ ಗಡಿಗಳೇ. 2018ರಲ್ಲಿ ಎಲಿಜಬೆತ್ ಲ್ಯಾಂಬೋರ್ನ್ ಬೆನ್ ಯಿಜುವಿನ ಒಂದು ಪ್ರಯಾಣದ ಸಾಮಾನು ಪಟ್ಟಿಯನ್ನೇ ಹಿಡಿದು ಗ್ರಂಥ ಬರೆದರು. ಅಕ್ಕಿ, ಅಡುಗೆ ಸಾಮಾನುಗಳ ಆ ಪಟ್ಟಿ ಮನೆಯನ್ನು ಮತ್ತೆ ಚರಿತ್ರೆಯೊಳಗೆ ತಂದಿತು.

ಇಪ್ಪತ್ತನೆಯ ಶತಮಾನದ ವಲಸೆಯಲ್ಲೂ ಮದುವೆಯ ಅರ್ಹತೆಯ ಅದೇ ಪ್ರಶ್ನೆ ಎದ್ದಿತು. ಕೊಚ್ಚಿಯವರು 1950ರ ದಶಕದಲ್ಲಿ ನೆವಾತಿಮ್, ಮೆಸಿಲ್ಲತ್ ಜಿಯೋನ್‌ಗಳಂಥ ಹಳ್ಳಿಗಳಲ್ಲಿ ನೆಲೆಸಿದರು. ಕೊಂಕಣದ ಬೆನೆ ಇಸ್ರೇಲರ ವಂಶವನ್ನು ಮದುವೆಗೆ ಮುನ್ನ ವಿಚಾರಿಸಬೇಕೆಂದು ಇಸ್ರೇಲಿನ ಮುಖ್ಯ ರಬ್ಬಿ ಪೀಠ 1962ರಲ್ಲಿ ಸೂಚಿಸಿತು. ದೀರ್ಘ ಪ್ರತಿಭಟನೆಯ ಬಳಿಕ 1964ರಲ್ಲಿ ಸೂಚನೆಯನ್ನು ತಿದ್ದಿತು. ಶರ್ಲಿ ಐಸೆನ್‌ಬರ್ಗ್ (1988), ಜೋನ್ ರೋಲೆಂಡ್ (1989) ಇವರ ಗ್ರಂಥಗಳು ಈ ಸಮುದಾಯದ ಚರಿತ್ರೆಗೆ ಬುನಾದಿ.

ಇನ್ನು ಒಳನಾಡಿನ ಮಾತು. ಬೆನ್ ಯಿಜು ಕಬ್ಬಿಣವನ್ನೂ ರಫ್ತು ಮಾಡುತ್ತಿದ್ದ. ಅದು ಘಟ್ಟದಾಚೆಯ ಯಾವ ಊರಿನ ಕುಲುಮೆಯಲ್ಲಿ ಕಾದು ಕರಾವಳಿಗಿಳಿಯಿತು ಎಂಬುದು ಬಿಡಿಸದ ಗಂಟು. ಬಳ್ಳಾರಿ ಸೀಮೆ ಅದಿರಿನ ನೆಲ.  ಅಲ್ಲಿನ ಕುರುಗೋಡಿನಲ್ಲಿ ಬೆನ್ ಯಿಜುವಿನ ಶತಮಾನದ್ದೇ ಆದ ಸಿಂದ ಅರಸರ ಶಾಸನಗಳಿವೆ. ಪತ್ರ, ಶಾಸನಗಳನ್ನು ಒಟ್ಟಿಗಿಟ್ಟು ಓದುವ ಕೆಲಸಕ್ಕೆ ಅರಬ್ಬಿ-ಹೀಬ್ರೂ ಬಲ್ಲವರ ಜೊತೆ ಹಳಗನ್ನಡ ಬಲ್ಲವರೂ ಕೂರಬೇಕು. ಅಶುವಿನ ತವರಿನವರ ಪಾಡನ್ನು ಹುಡುಕುವುದಕ್ಕೂ ತುಳು-ಕನ್ನಡದ ಆಕರಗಳೇ ಬೇಕು.